ಒಳಗಡೆ ಯಾರು ನೋಡ್ತಾರೆ?

ಆ ದಿನ ನಮ್ಮ ವಿಮಾನ ಹಾರಲಿಲ್ಲ. ಅದರ ಮೂಗು ಮಾತ್ರ ಹಾರಿತು.

ಹೋದ ವರ್ಷದ ಫೆಸ್ಟ್‌ಗೆ ಬಂದಿದ್ದವರಿಗೆ ನೆನಪಿರಬಹುದು. ಮೈದಾನದ ಸುತ್ತ ಜನ ನಿಂತಿದ್ದರು. ಮೈಕಿನಲ್ಲಿ ನಮ್ಮ ಏರೋಮಾಡೆಲಿಂಗ್ ತಂಡದ ಬಗ್ಗೆ ದೊಡ್ಡ ದೊಡ್ಡ ಮಾತು ಬರುತ್ತಿತ್ತು. ನಾನು ಟ್ರಾನ್ಸ್‌ಮಿಟರ್ ಹಿಡಿದು ನಿಂತಿದ್ದೆ. ಎರಡನೇ ವರ್ಷದ ಹುಡುಗನೊಬ್ಬ ರೆಕ್ಕೆಯ ಹಿಂದೆ ಮಂಡಿಯೂರಿ ವಿಮಾನ ಹಿಡಿದಿದ್ದ. ಟೇಕಾಫ್‌ಗೆ ಮುಂಚೆ ಒಮ್ಮೆ ಫುಲ್ ಥ್ರಾಟಲ್ ಕೊಟ್ಟು ನೋಡುವುದು ವಾಡಿಕೆ. ಕೊಟ್ಟೆ. ಎಂಜಿನ್ ಕಿರುಚಿತು. ಎರಡು ಮೂರು ಸೆಕೆಂಡ್ ಆಗಿರಬೇಕು, ‘ಟಪ್’ ಅಂತ ಸದ್ದು. ಎಂಜಿನ್ ತಾನು ಕೂತ ಹಲಗೆಯ ಸಮೇತ ಕಿತ್ತುಕೊಂಡು ಮುಂದಕ್ಕೆ ಜಿಗಿಯಿತು. ಇಂಧನದ ಪೈಪು, ಥ್ರಾಟಲ್ ತಂತಿ ಎರಡೂ ಹಿಡಿದೆಳೆದದ್ದರಿಂದ ಅಲ್ಲೇ ಗಿರಕಿ ಹೊಡೆದು ನೆಲಕ್ಕೆ ಬಡಿಯಿತು. ಪ್ರೊಪೆಲ್ಲರ್ ಚೂರಾಯಿತು. ಅದರ ಒಂದು ಚೂರು ಆ ಹುಡುಗನ ಎಡಗೈಗೆ ಬಡಿಯಿತು. ಎರಡು ಹೊಲಿಗೆ.

‘ಎರಡೇ ತಾನೇ, ಬಿಡು’ ಎಂದು ಎಲ್ಲರೂ ಸಮಾಧಾನ ಹೇಳಿದರು. ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಲೆಕ್ಕ ಹಾಕಿದೆ. 10 ಇಂಚಿನ ಪ್ರೊಪೆಲ್ಲರ್, ನಿಮಿಷಕ್ಕೆ 12,000 ಸುತ್ತು. ತುದಿಯ ವೇಗ ಸೆಕೆಂಡಿಗೆ ಸುಮಾರು 160 ಮೀಟರ್, ಅಂದರೆ ಗಂಟೆಗೆ 570 ಕಿ.ಮೀ.ಗಿಂತ ಹೆಚ್ಚು. ಆ ಚೂರು ಕೈಗಲ್ಲದೆ ಕಣ್ಣಿಗೆ ಬಡಿದಿದ್ದರೆ? ಲೆಕ್ಕ ಅಲ್ಲಿಗೇ ನಿಲ್ಲಿಸಿದೆ.

ಎಂಜಿನ್ ಕೂರುವ ಆ ಪ್ಲೈ ಹಲಗೆಗೆ ಮಾಡೆಲ್ ಮಾಡುವವರು ಫೈರ್‌ವಾಲ್ ಅನ್ನುತ್ತಾರೆ. ಮರುದಿನ ಅದನ್ನು ಬೆಳಕಿಗೆ ಹಿಡಿದು ನೋಡಿದಾಗಲೇ ನನ್ನ ತಪ್ಪು ಏನೆಂದು ಅರ್ಥವಾಗಿದ್ದು. ಅಂಟು ಗಟ್ಟಿಯಾಗಿ ಹಿಡಿದ ಜಾಗವನ್ನು ಬಲವಂತವಾಗಿ ಕಿತ್ತರೆ ಅಂಟಿನ ಜೊತೆ ಮರದ ನಾರೂ ಕಿತ್ತು ಬರಬೇಕು. ಮರ ಹರಿಯಬೇಕು, ಅಂಟು ಬಿಡಬಾರದು. ನನ್ನ ಫೈರ್‌ವಾಲ್‌ನಲ್ಲಿ ಒಂದು ನಾರೂ ಇರಲಿಲ್ಲ. ಅಂಟಿನ ಪದರ ಮೋಸಂಬಿ ಸಿಪ್ಪೆ ಹಾಗೆ ಇಡಿಯಾಗಿ ಎದ್ದು ಬಂದಿತ್ತು. ಕೆಳಗಿನ ಮರ ಕಪ್ಪಗೆ, ನುಣ್ಣಗೆ. ಬೆರಳು ಒತ್ತಿದರೆ ಬೆರಳಿಗೆ ಎಣ್ಣೆ ಹತ್ತಿತು.

ಆ ವಿಮಾನದ ಬಾಡಿ ಕೆಲಸ ಪೂರ್ತಿ ನನ್ನದು. ಬಾಲ್ಸಾ ಹಾಳೆ ಕತ್ತರಿಸಿದ್ದು, ಜೋಡಿಸಿದ್ದು, ಮೇಲೆ ಕೆಂಪು-ಬಿಳಿ ಫಿಲ್ಮ್ ಇಸ್ತ್ರಿ ಮಾಡಿದ್ದು, ಎಲ್ಲ. ಹೊರಗಡೆ ಹೊಳೆಯುತ್ತಿತ್ತು. ಎಂಜಿನ್ ಪಕ್ಕದ ಮರಕ್ಕೆ ಹಾರ್ಡ್‌ವೇರ್ ಅಂಗಡಿಯ ಸ್ಯಾಂಡಿಂಗ್ ಸೀಲರ್ ಒಂದು ಕೋಟ್, ಅದರ ಮೇಲೆ ಕಪ್ಪು ಎನಾಮೆಲ್ ಸ್ಪ್ರೇ. ಫೈರ್‌ವಾಲ್‌ನ ಹಿಂದೆ ಟ್ಯಾಂಕ್ ಕೂರುವ ಗೂಡಿನ ಒಳಗೆ ಮಾತ್ರ ಏನೂ ಹಚ್ಚಲಿಲ್ಲ. ಬರಿ ಮರ. ಫೆಸ್ಟ್‌ಗೆ ದಿನ ಕಡಿಮೆ ಇತ್ತು, ಇಂಟರ್ನಲ್ಸ್ ಬೇರೆ. ತಂಡದವನೊಬ್ಬ ಕೇಳಿದಾಗ ನಾನೇ ಹೇಳಿದ್ದೆ: ‘ಲೇ, ಒಳಗಡೆ ಯಾರು ನೋಡ್ತಾರೆ?’

ಇನ್ನೊಂದು ಸಂಗತಿ ಆಗ ಯಾರಿಗೂ ಹೇಳಿರಲಿಲ್ಲ. ಫೆಸ್ಟ್‌ಗೆ ಎರಡು ವಾರ ಮುಂಚೆ ಫೈರ್‌ವಾಲ್ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಬಟ್ಟೆಯಲ್ಲಿ ಒರೆಸಿ, ಮೇಲೆ ಅಂಟು ಸುರಿದು, ರಿಪೇರಿ ಆಯಿತು ಅಂದುಕೊಂಡೆ. ಎಣ್ಣೆ ಕುಡಿದ ಮರದ ಮೇಲೆ ಅಂಟು ಹಾಕಿದ್ದೆ. ಎಣ್ಣೆ ಸವರಿದ ಹಂಚಿನ ಮೇಲೆ ಹಿಟ್ಟು ಹೊಯ್ದ ಹಾಗೆ. ದೋಸೆ ಏಳದೆ ಇನ್ನೇನು?

ಇಲ್ಲಿ ಇಂಧನದ ಬಗ್ಗೆ ಸ್ವಲ್ಪ ಹೇಳಬೇಕು. ಈಗ ಹೆಚ್ಚಿನ ಮಾಡೆಲ್‌ಗಳು ಬ್ಯಾಟರಿ, ಮೋಟಾರ್ ಮೇಲೆ ಹಾರುತ್ತವೆ. ನಮ್ಮ ತಂಡಕ್ಕೆ ಸೀನಿಯರ್‌ಗಳು ಬಿಟ್ಟುಹೋದ 6.5 ಸಿಸಿ ಟೂ ಸ್ಟ್ರೋಕ್ ಗ್ಲೋ ಎಂಜಿನ್ ಇತ್ತು, ಅದರ ಸದ್ದಿಗೆ ನಾವೆಲ್ಲ ಮರುಳಾಗಿದ್ದೆವು. ಇದು ಪೆಟ್ರೋಲ್ ಕುಡಿಯುವುದಿಲ್ಲ. ನಾವು ಹಾಕುತ್ತಿದ್ದದ್ದು 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ. ನೈಟ್ರೋಮೀಥೇನ್ ಸೇರಿಸಿದರೆ ಇನ್ನೂ ಜೋರು ಬರುತ್ತದೆ, ಆದರೆ ತುಟ್ಟಿ. ಮೆಥನಾಲ್ ಉರಿದು ಹೋಗುತ್ತದೆ, ಎಣ್ಣೆ ಹೆಚ್ಚಾಗಿ ಉರಿಯುವುದಿಲ್ಲ. ಎಂಜಿನ್ ಒಳಗೆ ಜಾರಿಕೆ ಕೊಟ್ಟು, ಹೊಗೆಯ ಜೊತೆ ಸೈಲೆನ್ಸರ್‌ನಿಂದ ಆಚೆ ಬಂದು ವಿಮಾನದ ಮೈಮೇಲೆಲ್ಲ ಕೂರುತ್ತದೆ. ಒಂದು ಹಾರಾಟಕ್ಕೆ 250 ಮಿ.ಲೀ. ಇಂಧನ ಅಂದರೆ 50 ಮಿ.ಲೀ. ಎಣ್ಣೆ. ಹತ್ತು ಹಾರಾಟಕ್ಕೆ ಅರ್ಧ ಲೀಟರ್.

ಎಣ್ಣೆ ಒಂದೇ ಆಗಿದ್ದರೆ ಮರದೊಳಗೆ ನಿಧಾನಕ್ಕೆ ಇಳಿಯುತ್ತಿತ್ತೋ ಏನೋ. ಹರಳೆಣ್ಣೆ ಮಂದ. ಆದರೆ ಅದು ಮೆಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಮೆಥನಾಲ್ ನೀರಿಗಿಂತ ತೆಳು. ಟ್ಯಾಂಕ್ ಹತ್ತಿರ ಒಂದು ಹನಿ ಸೋರಿದರೆ ಅದು ಎಣ್ಣೆಯನ್ನು ಹೊತ್ತುಕೊಂಡು ಮರದ ರಂಧ್ರಗಳೊಳಗೆ ಓಡುತ್ತದೆ, ಆಮೇಲೆ ತಾನು ಆವಿಯಾಗಿ ಹೋಗುತ್ತದೆ, ಎಣ್ಣೆಯನ್ನು ಅಲ್ಲೇ ಬಿಟ್ಟು. ಬಾಲ್ಸಾ ಅಂತೂ ಇದಕ್ಕೆ ಹೇಳಿ ಮಾಡಿಸಿದ ಮರ. ಈಕ್ವೆಡಾರ್ ಕಡೆಯದು. ಒಂದು ಘನ ಮೀಟರಿಗೆ 100ರಿಂದ 200 ಕೆ.ಜಿ. ಅಷ್ಟೇ, ಸಾಗವಾನಿ 650ರ ಹತ್ತಿರ ತೂಗುತ್ತದೆ. ಅಷ್ಟು ಹಗುರ ಅಂದರೆ ಒಳಗೆ ಬಹುಪಾಲು ಖಾಲಿ ಜಾಗ ಅಂತಲೇ ಅರ್ಥ. ಆ ಖಾಲಿ ಜಾಗವನ್ನು ನಾನು ತುಂಬಲಿಲ್ಲ, ಎಣ್ಣೆ ತುಂಬಿತು.

ಸೆಮಿಸ್ಟರ್ ಮುಗಿದ ಮೇಲೆ ಮುರಿದ ಮೂಗಿನ ಭಾಗವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಊರಿಗೆ ಹೋದೆ. ನಮ್ಮೂರು ಮನ್ನಾಏಖೇಳ್ಳಿ. ಈ ಹೆಸರು ಒಂದೇ ಸಲಕ್ಕೆ ಸರಿಯಾಗಿ ಹೇಳಿದವರು ಹಾಸ್ಟೆಲ್‌ನಲ್ಲಿ ಇನ್ನೂ ಸಿಕ್ಕಿಲ್ಲ. ಬೀದರ್ ಜಿಲ್ಲೆ, ಸೋಲಾಪುರ–ಹೈದರಾಬಾದ್ ಹೆದ್ದಾರಿ ಮೇಲೆ ಹುಮನಾಬಾದ್ ದಾಟಿದ ಮೇಲೆ ಬರುತ್ತದೆ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. 1996ರಲ್ಲಿ ಸೂರ್ಯಕಿರಣ ತಂಡ ಕಟ್ಟಿದ್ದೂ ಅಲ್ಲಿಯೇ. ಮೊದಲು ಎಚ್‌ಎಎಲ್‌ನ ಕಿರಣ್ ವಿಮಾನ, ಈಗ ಹಾಕ್. ನಮ್ಮ ಕಡೆ ಹುಡುಗರು ತಲೆ ಎತ್ತಿ ವಿಮಾನ ನೋಡುತ್ತಲೇ ದೊಡ್ಡವರಾಗುತ್ತಾರೆ. ನನ್ನ ಮಾಡೆಲ್‌ಗೆ ಕೆಂಪು-ಬಿಳಿ ಬಣ್ಣ ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ನನ್ನ ಮುತ್ಯಾ ಬಡಿಗ. (ಬೆಂಗಳೂರು, ಮೈಸೂರು ಕಡೆಯವರಿಗೆ: ಮುತ್ಯಾ ಅಂದರೆ ಅಜ್ಜ.) ಮೊದಲು ಬಂಡಿ, ಕೂರಿಗೆ, ಕುಂಟೆ ಮಾಡುತ್ತಿದ್ದ. ಟ್ರ್ಯಾಕ್ಟರ್ ಬಂದ ಮೇಲೆ ಬಾಗಿಲು, ಚೌಕಟ್ಟು, ಮಂಚ. ನಾನು ಎಂಜಿನಿಯರಿಂಗ್ ಸೇರಿದಾಗ ಅವನು ಕೇಳಿದ್ದು ಒಂದೇ ಮಾತು: ‘ಕೈಲೆ ಏನರ ಮಾಡ್ಸ್ತಾರೇನು, ಬರೇ ಬರಸ್ತಾರೋ?’ ಮಾಡೆಲ್ ವಿಮಾನದ ಫೋಟೋ ಕಳಿಸಿದಾಗ ಊರೆಲ್ಲ ತೋರಿಸಿ ಬಂದಿದ್ದನಂತೆ. ಈಗ ಮುರಿದ ಮೂಗನ್ನು ಅವನ ಮುಂದೆ ಇಡುವುದಕ್ಕೆ ನನಗೆ ನಾಚಿಕೆ.

ಮುತ್ಯಾ ಅದನ್ನು ನೋಡುವ ಮೊದಲು ಮೂಸಿದ.

‘ಇದು ಔಡ್ಲೆಣ್ಣಿ ನಾತ ಅಲ್ಲೇನೋ?’

ಹೌದು ಅಂದೆ. ಹರಳೆಣ್ಣೆಗೆ ನಮ್ಮ ಕಡೆ ಔಡಲ ಎಣ್ಣೆ ಅನ್ನುತ್ತಾರೆ.

‘ಥೂ, ವಿಮಾನಕ್ಕ ಭೇದಿ ಔಷಧ ಹಾಕ್ತೀರೇನು?’

ಮನೆಯವರೆಲ್ಲ ನಕ್ಕರು. ಆದರೆ ಮುತ್ಯಾನ ಜೋಕು ನೂರು ವರ್ಷ ಹಳೆಯದು. ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮಲ್‌ನಂಥ ವಿಮಾನಗಳಲ್ಲಿ ಇಡೀ ಎಂಜಿನ್ನೇ ಪ್ರೊಪೆಲ್ಲರ್ ಜೊತೆ ಗರಗರ ತಿರುಗುತ್ತಿತ್ತು. ಅವುಗಳಿಗೆ ಹಾಕುತ್ತಿದ್ದದ್ದು ಇದೇ ಹರಳೆಣ್ಣೆ, ಯಾಕೆಂದರೆ ಅದು ಪೆಟ್ರೋಲ್ ಜೊತೆ ಸುಲಭಕ್ಕೆ ಬೆರೆತು ತೆಳುವಾಗುವುದಿಲ್ಲ. ಉರಿಯದ ಎಣ್ಣೆ ವಿಮಾನದ ಮರ, ಬಟ್ಟೆ, ಪೈಲಟ್‌ನ ಮುಖ ಎಲ್ಲದರ ಮೇಲೆ ಸಿಡಿಯುತ್ತಿತ್ತು, ಉಸಿರಿನಲ್ಲಿ ಒಳಗೂ ಹೋಗುತ್ತಿತ್ತು. ಪೈಲಟ್‌ಗಳ ಹೊಟ್ಟೆ ಕೆಡುತ್ತಿತ್ತು ಎನ್ನುವುದು ಆ ಕಾಲದ ಪ್ರಸಿದ್ಧ ಕಥೆ. ಕ್ಯಾಸ್ಟ್ರಾಲ್ ಎನ್ನುವ ಹೆಸರು ಬಂದದ್ದೂ ಕ್ಯಾಸ್ಟರ್, ಅಂದರೆ ಹರಳೆಣ್ಣೆಯಿಂದಲೇ. ನಮ್ಮ ಬಂಡಿ ಗಾಲಿಯ ಅಚ್ಚಿಗೂ ಒಂದು ಕಾಲದಲ್ಲಿ ಇದೇ ಎಣ್ಣೆ.

ಮುತ್ಯಾನಿಗೆ ಎಣ್ಣೆ ಮರದ ಗೆಳೆಯ. ಉಳಿಯ ಹಿಡಿಕೆಗೆ ಎಣ್ಣೆ, ಬಾಗಿಲಿಗೆ ಅಗಸೆ ಎಣ್ಣೆ. ಎಣ್ಣೆ ಕುಡಿದ ಮರ ನೀರು ಕುಡಿಯುವುದಿಲ್ಲ. ನನ್ನ ಮರ ಎಣ್ಣೆಯಿಂದಲೇ ಹಾಳಾಯಿತು ಅಂದಾಗ ಅವನು ಒಪ್ಪಲಿಲ್ಲ. ಫೈರ್‌ವಾಲ್ ತಿರುಗಿಸಿ ತಿರುಗಿಸಿ ನೋಡಿ ಕೇಳಿದ:

‘ಎಣ್ಣಿದೇನ್ ತಪ್ಪು? ನೀ ಹಸಿದ ಕಟಗಿ ಹಂಗೇ ಬಿಟ್ಟಿ. ಅದು ಸಿಕ್ಕಿದ್ದು ಕುಡೀತು. ಮೊದ್ಲ ಏನ್ ಕುಡಿಸ್ತಿ, ಅದೇ ಹೊಟ್ಟ್ಯಾಗ ಕುಂದರ್ತದ. ಆಮ್ಯಾಲ ಬೇರೆದಕ್ಕ ಜಾಗಾ ಇರಂಗಿಲ್ಲ.’

ಆಮೇಲೆ ಬಾಲ್ಸಾ ಹಾಳೆಯ ಕತ್ತರಿಸಿದ ತುದಿ ತೋರಿಸಿದ. ‘ಕಟಗಿಗಿ ಬಾಯಿ ಇರೋದು ಹೊಟ್ಟಿ ಮ್ಯಾಲಲ್ಲ, ಇಲ್ಲಿ, ತುದಿಗಿ. ಹಸಿ ಕಟಗಿ ಕೊಯ್ದ ಕೂಡ್ಲೆ ತುದಿಗಿ ಸಗಣಿ ಯಾಕ್ ಬಡೀತೀವಿ? ಬಾಯಿ ಮುಚ್ಚಲಾಕ.’

ಮರ ಅಂದರೆ ನೀರು ಸಾಗಿಸುವ ಸಣ್ಣ ಕೊಳವೆಗಳ ಕಟ್ಟು. ಹಲಗೆಯ ಮೈಮೇಲೆ ಆ ಕೊಳವೆಗಳು ಮಲಗಿರುತ್ತವೆ. ತುದಿಯಲ್ಲಿ, ಕೊರೆದ ತೂತಿನಲ್ಲಿ ಬಾಯಿ ತೆರೆದಿರುತ್ತವೆ. ನಾನು ಬಣ್ಣ ಹೊಡೆದದ್ದು ಹೊಟ್ಟೆಗೆ. ಬಾಯಿಗಳನ್ನೆಲ್ಲ ತೆರೆದೇ ಬಿಟ್ಟಿದ್ದೆ: ಬೋಲ್ಟ್ ತೂತು, ಪೈಪಿನ ತೂತು, ಹಲಗೆಯ ಅಂಚು.

ಮೊದಲು ಹಳೆಯ ಮೂಗನ್ನೇ ಉಳಿಸೋಣ ಅಂತ ಪ್ರಯತ್ನ ಪಟ್ಟೆವು. ಎಣ್ಣೆ ಹೀರಲು ಪುಡಿ ಬೇಕು. ಜೋಳದ ಹಿಟ್ಟಿನಲ್ಲಿ ಹೂತಿಟ್ಟು, ಬಿಸಿಲಿಗೆ ಇಟ್ಟು, ಮರುದಿನ ಹಿಟ್ಟು ಬದಲಿಸಿದೆವು. ಹಿಟ್ಟು ಹಳದಿಯಾಗಿ ಮುದ್ದೆಗಟ್ಟುತ್ತಿತ್ತು. ‘ರೊಟ್ಟಿ ಹಿಟ್ಟು ಹಾಳ್ ಮಾಡ್ಲತೀರಿ’ ಅಂತ ಅವ್ವ ಬೈದಳು. ಆಮೇಲೆ ಟಿಶ್ಯೂ ಕಾಗದ ಇಟ್ಟು ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದರೆ ಇನ್ನಷ್ಟು ಎಣ್ಣೆ ಬಂತು. ಇಸ್ತ್ರಿ ಎಲ್ಲ ತೆಗೆದಿಟ್ಟ ಮೇಲೆ ಅಂಗಳಕ್ಕೆ ಒಯ್ದು ಅಸಿಟೋನ್‌ನಲ್ಲಿ ಒರೆಸಿದೆವು. ಮೂರು ದಿನ ಹೀಗೆ. ನಾಲ್ಕನೇ ದಿನ ಒಂದು ತುಂಡು ಅಂಟಿಸಿ, ಒಣಗಿಸಿ, ಕಿತ್ತು ನೋಡಿದರೆ ಅದೇ ಕಥೆ: ಅಂಟು ನುಣ್ಣಗೆ ಎದ್ದು ಬಂತು, ಒಂದು ನಾರೂ ಇಲ್ಲ. ಮೇಲ್ಮೈಯ ಎಣ್ಣೆ ಹೋಗಿತ್ತು, ಒಳಗಿನದು ಬಿಸಿಗೆ ಮತ್ತೆ ಮೇಲೆ ಬಂದಿತ್ತು. ಮುತ್ಯಾ ಗರಗಸ ಕೈಗೆ ತಗೊಂಡ. ಕಪ್ಪು ಬಣ್ಣ ಮುಗಿದು ಬಿಳಿ ಮರ ಶುರುವಾಗುವಲ್ಲಿಂದ ಎರಡು ಬೆರಳು ಹಿಂದಕ್ಕೆ ಗೆರೆ ಎಳೆದು ಮೂಗನ್ನು ಕತ್ತರಿಸಿಯೇ ಬಿಟ್ಟ. ನನಗೆ ಹೊಟ್ಟೆಯಲ್ಲಿ ಚುರ್ ಅಂತು. ಅದು ಒಂದು ತಿಂಗಳ ಕೆಲಸ.

ಹೊಸ ಮೂಗಿಗೆ ಏನು ಹಚ್ಚಬೇಕು? ಮುತ್ಯಾನ ಉತ್ತರ ಸಿದ್ಧವಾಗಿತ್ತು: ಅರಗಿನ ಪಾಲಿಶ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹತ್ತಿ ಉಂಡೆಯಿಂದ ತಿಕ್ಕುವುದು. ಐವತ್ತು ವರ್ಷದಿಂದ ಅವನು ಬಾಗಿಲುಗಳಿಗೆ ಅದನ್ನೇ ಹಚ್ಚುತ್ತ ಬಂದಿದ್ದಾನೆ. ಬೇಡ ಅಂದರೆ ಬೇಜಾರು. ಹಚ್ಚಿ ನೋಡೋಣ ಅಂದೆ.

ಪ್ಲೈ ತುಂಡುಗಳು ಐದು ಕೊಯ್ದೆವು. ಒಂದಕ್ಕೆ ಅರಗು. ಒಂದಕ್ಕೆ ನಾನು ಹಿಂದೆ ಹಚ್ಚಿದ್ದ ಸ್ಯಾಂಡಿಂಗ್ ಸೀಲರ್. ಒಂದಕ್ಕೆ ಎನಾಮೆಲ್. ಒಂದಕ್ಕೆ ಹುಮನಾಬಾದ್‌ನಿಂದ ತಂದ, ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್. ಇನ್ನೊಂದಕ್ಕೆ ಅರಾಲ್ಡೈಟ್, ಅಂದರೆ ಎಪಾಕ್ಸಿ, ನಿಧಾನಕ್ಕೆ ಗಟ್ಟಿಯಾಗುವಂಥದ್ದು. ನಾಲ್ಕು ದಿನ ಒಣಗಲು ಬಿಟ್ಟು, ಪ್ರತಿಯೊಂದರ ಮೇಲೆ ಇಂಧನದಲ್ಲಿ ಅದ್ದಿದ ಬಟ್ಟೆ ಚೂರು ಇಟ್ಟು, ಆವಿಯಾಗದ ಹಾಗೆ ಮೇಲೆ ಸ್ಟೀಲ್ ಬಟ್ಟಲು ಬೋರಲು ಹಾಕಿ, ರಾತ್ರಿ ಇಡೀ ಬಿಟ್ಟೆವು. ಮೆಥನಾಲ್ ವಿಷ, ಚರ್ಮದಿಂದಲೂ ಒಳಗೆ ಹೋಗುತ್ತದೆ, ಕಳ್ಳಭಟ್ಟಿ ದುರಂತಗಳಲ್ಲಿ ಕಣ್ಣು ಕಳೆಯುವುದು ಅದೇ. ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ಹಾಗಾಗಿ ಗ್ಲೌಸ್ ಹಾಕಿಕೊಂಡು, ಒಲೆಯಿಂದ ದೂರ, ಅಂಗಳದ ಆಚೆ. ಮುತ್ಯಾನಿಗೂ ಗ್ಲೌಸ್ ಹಾಕಿಸಿದೆ. ‘ದವಾಖಾನಿ ಕೆಲಸ ಆಯ್ತಲ್ಲೋ’ ಅಂದ.

ಬೆಳಿಗ್ಗೆ ಬಟ್ಟಲು ಎತ್ತಿದೆವು. ಅರಗು ಬೆಳ್ಳಗಾಗಿ ಬೆಲ್ಲದ ಪಾಕದ ಹಾಗೆ ಅಂಟಂಟು. ಸ್ಯಾಂಡಿಂಗ್ ಸೀಲರ್ ಮೇಲೆ ಹೆಬ್ಬೆರಳು ಒತ್ತಿದರೆ ಗುರುತು ಮೂಡಿತು. ಎನಾಮೆಲ್ ಸುಕ್ಕುಗಟ್ಟಿ ಉಗುರಿಗೆ ಕೆರೆದು ಬಂತು. ಪಾಲಿಯುರೆಥೇನ್, ಎಪಾಕ್ಸಿ ಎರಡೂ ಇದ್ದ ಹಾಗೇ. ತುಂಡುಗಳನ್ನು ಅಡ್ಡಲಾಗಿ ಕೊಯ್ದು ನೋಡಿದೆವು: ಮೊದಲ ಮೂರರಲ್ಲಿ ಕಪ್ಪು ಕಲೆ ಒಳಗೆ ಇಳಿದಿತ್ತು, ಕೊನೆಯ ಎರಡು ಒಳಗೂ ಬಿಳಿ.

ಕಾರಣ ನಾವೆಲ್ಲ ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಎರಡು ಮಾರ್ಕಿಗೆ ಬರೆದದ್ದೇ. ಅರಗು, ಸ್ಯಾಂಡಿಂಗ್ ಸೀಲರ್‌ನ ನೈಟ್ರೋಸೆಲ್ಯುಲೋಸ್ ಒಣಗುವುದು ಅಂದರೆ ಅವುಗಳ ದ್ರಾವಕ ಹಾರಿಹೋಗುವುದು, ಅಷ್ಟೇ. ಅಂಥದೇ ದ್ರಾವಕ ಮತ್ತೆ ಬಂದರೆ ಮತ್ತೆ ಕರಗುತ್ತವೆ. ಮೆಥನಾಲ್ ಸ್ಪಿರಿಟ್‌ನ ಖಾಸಾ ತಮ್ಮ. ಎನಾಮೆಲ್ ಗಾಳಿಯ ಆಮ್ಲಜನಕದಿಂದ ನಿಧಾನಕ್ಕೆ ಗಟ್ಟಿಯಾಗುತ್ತದೆ, ಆದರೆ ಹೆಣಿಗೆ ಸಡಿಲ. ಮೆಥನಾಲ್ ಒಳಗೆ ನುಗ್ಗಿ ಉಬ್ಬಿಸುತ್ತದೆ. ಎಪಾಕ್ಸಿ, ಎರಡು ಡಬ್ಬಿಯ ಪಾಲಿಯುರೆಥೇನ್ ಹಾಗಲ್ಲ. ಎರಡು ಭಾಗ ಸೇರಿ ರಾಸಾಯನಿಕವಾಗಿ ಹೆಣೆದುಕೊಂಡು ಒಂದೇ ಬಲೆ ಆಗುತ್ತವೆ. ಥರ್ಮೋಸೆಟ್ಟಿಂಗ್. ಬೆಂದ ಇಟ್ಟಿಗೆ ಮತ್ತೆ ಮಣ್ಣಾಗುವುದಿಲ್ಲವಲ್ಲ, ಹಾಗೆ. ಎರಡು ಮಾರ್ಕು ಬಂದಿತ್ತು ನನಗೆ. ಆದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತಾಗ ಅದು ನೆನಪಾಗಿರಲಿಲ್ಲ.

ಮುತ್ಯಾ ತನ್ನ ಅರಗಿನ ತುಂಡನ್ನು ಸ್ವಲ್ಪ ಹೊತ್ತು ನೋಡಿದ. ‘ಸರಾಯಿ ಕುಡಿಯೋ ವಿಮಾನಕ್ಕ ನನ್ನ ಪಾಲಿಶ್ ನಡ್ಯಂಗಿಲ್ಲ, ಬಿಡು’ ಅಂದು ಅದನ್ನು ಒಗೆಯದೆ ಗೂಟದ ಪಕ್ಕ ಗೂಡಿನಲ್ಲಿ ಇಟ್ಟ. ಈಗಲೂ ಅಲ್ಲೇ ಇದೆ.

ಆಮೇಲಿನ ಒಂದು ವಾರ ನಾವಿಬ್ಬರೂ ಸೇರಿ ಕೆಲಸ ಮಾಡಿದೆವು. ಮಾಡಿದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಮುಂದೆ ಬರುವ ತಂಡಕ್ಕೆ ಬೇಕಾಗುತ್ತದೆ.

ಮೊದಲು ಜೋಡಣೆ, ಆಮೇಲೆ ಸೀಲಿಂಗ್. ಈ ಕ್ರಮ ತಪ್ಪಬಾರದು. ಅಂಟು ಹಿಡಿಯಬೇಕಾದದ್ದು ಬರಿ ಒಣ ಮರವನ್ನು. ಸೀಲ್ ಮಾಡಿದ ಮೇಲೆ ಅಂಟಿಸಿದರೆ ಅಂಟು ಆ ಪದರವನ್ನು ಮಾತ್ರ ಹಿಡಿಯುತ್ತದೆ. ಫೈರ್‌ವಾಲ್ ಕೂರಿಸಿದೆವು, ಒಳಮೂಲೆಗಳಲ್ಲಿ ತ್ರಿಕೋನದ ಪಟ್ಟಿ ಇಟ್ಟೆವು. ಬರೇ ಅಂಟನ್ನು ನಂಬುವ ಪದ್ಧತಿ ಮುತ್ಯಾನಿಗೆ ಇಲ್ಲ. ಪಕ್ಕದಿಂದ ಸಣ್ಣ ತೂತು ಕೊರೆದು, ಊದುಬತ್ತಿ ಕಡ್ಡಿ ದಪ್ಪದ ಬಿದಿರಿನ ಗೂಟಗಳನ್ನು ಎಪಾಕ್ಸಿಯಲ್ಲಿ ಅದ್ದಿ ಹೊಡೆದ, ಒಂದೊಂದು ಕಡೆ ಮೂರು. ಎಂಜಿನ್ ಸೆಕೆಂಡಿಗೆ 200 ಸಲ ಬಡಿಯುತ್ತದೆ ಅಂದಾಗ ‘ಹಂಗಾದ್ರ ನಾಕು ಇರ್ಲಿ’ ಅಂತ ಇನ್ನೊಂದೊಂದು ಹೊಡೆದ.

ಎರಡನೆಯದು, ಎಲ್ಲ ತೂತುಗಳನ್ನೂ ಮೊದಲೇ ಕೊರೆಯುವುದು. ಎಂಜಿನ್ ಮೌಂಟ್, ಇಂಧನದ ಪೈಪು, ಥ್ರಾಟಲ್ ತಂತಿ, ಮುಂದಿನ ಗಾಲಿ, ರೆಕ್ಕೆಯ ಬೋಲ್ಟ್, ಎಲ್ಲ. ಸೀಲ್ ಮಾಡಿದ ಮೇಲೆ ಒಂದು ತೂತು ಕೊರೆದರೂ ಒಂದು ಹೊಸ ಬಾಯಿ ತೆರೆದಂತೆ.

ಮೂರನೆಯದು ಹಚ್ಚುವುದು. ಅರಾಲ್ಡೈಟ್ ಟ್ಯೂಬ್‌ಗಳನ್ನು ಅರ್ಧ ಗಂಟೆ ಮೇ ತಿಂಗಳ ಬಿಸಿಲಲ್ಲಿ ಇಟ್ಟೆವು. ಬಿಸಿಯಾದರೆ ಜೇನಿನಂತೆ ತೆಳುವಾಗುತ್ತದೆ, ಮರದೊಳಗೆ ಇಳಿಯುತ್ತದೆ. ಆದರೆ ಬೇಗ ಗಟ್ಟಿಯೂ ಆಗುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಇನ್ನೂ ತೆಳು ಬೇಕಾದರೆ ನಾಲ್ಕೈದು ಹನಿ ಸ್ಪಿರಿಟ್ ಸೇರಿಸಬಹುದು, ಹೆಚ್ಚಾದರೆ ಒಣಗಿದ ಮೇಲೆ ಮೆತ್ತಗೆ ಉಳಿಯುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಇದಕ್ಕೆ ಬೇಡ. ಮರ ಕುಡಿಯುವ ಮೊದಲೇ ಅದು ಕಲ್ಲಾಗಿರುತ್ತದೆ. ಮೊದಲು ಅಂಚುಗಳಿಗೆ, ತುದಿಗಳಿಗೆ. ತೂತುಗಳಿಗೆ ಬೆಂಕಿಕಡ್ಡಿಯಲ್ಲಿ ಅದ್ದಿ ಒಳಗೆಲ್ಲ ಸವರಬೇಕು. ಆಮೇಲೆ ಟ್ಯಾಂಕ್ ಗೂಡಿನ ಒಳಗೋಡೆಗಳಿಗೆ. ಹತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಸುಮ್ಮನೆ ತೂಕ. ಒಣಗಿದ ಮೇಲೆ ಮುಟ್ಟಿದರೆ ಮುಳ್ಳುಮುಳ್ಳು ಅನ್ನಿಸುತ್ತದೆ, ನಾರು ಎದ್ದಿರುತ್ತದೆ. ಪಾಲಿಶ್ ಕಾಗದದಲ್ಲಿ ತಿಕ್ಕಿ ಎರಡನೇ ಕೋಟ್. ಒಟ್ಟು ಹೆಚ್ಚಾದ ತೂಕ 12 ಗ್ರಾಂ.

ಕೊನೆಯದು ಫಿಲ್ಮ್. ಹಂಚು ಹೊದಿಸುವಾಗ ಕೆಳಗಿನ ಸಾಲು ಮೊದಲು, ಮೇಲಿನ ಸಾಲು ಅದರ ಮೇಲೆ ಬರುತ್ತದೆ, ಮಳೆನೀರು ಸಂದಿಗೆ ನುಗ್ಗಬಾರದು ಅಂತ. ವಿಮಾನಕ್ಕೂ ಅದೇ. ಎಣ್ಣೆ ಮೂಗಿನಿಂದ ಬಾಲದ ಕಡೆ ಹರಿಯುತ್ತದೆ, ಆದ್ದರಿಂದ ಹಿಂದಿನ ತುಂಡು ಮೊದಲು, ಮುಂದಿನದು ಅದರ ಮೇಲೆ. ನಾನು ಹಿಂದೆ ತದ್ವಿರುದ್ಧ ಮಾಡಿದ್ದೆ, ಅಂಚುಗಳ ಕೆಳಗೆ ಎಣ್ಣೆ ಹೊಕ್ಕು ಫಿಲ್ಮ್ ಪಾತ್ರೆಯ ಲೇಬಲ್ ಹಾಗೆ ಎದ್ದಿತ್ತು. ಈ ಸಲ ಎಂಜಿನ್ ಹತ್ತಿರದ ಅಂಚುಗಳ ಮೇಲೆ ಪಾಲಿಯುರೆಥೇನ್ ಒಂದು ಗೆರೆಯನ್ನೂ ಎಳೆದೆವು.

ಹೊಸ ಮೂಗನ್ನು ಕಾಲೇಜಿಗೆ ತಂದು ಬಾಡಿಗೆ ಸೇರಿಸಿದೆವು. ಮೊದಲ ಸಲ ಎಂಜಿನ್ ಚಾಲೂ ಮಾಡುವ ದಿನ ವಿಮಾನವನ್ನು ಯಾರ ಕೈಯಲ್ಲೂ ಕೊಡಲಿಲ್ಲ. ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಎಲ್ಲರನ್ನೂ ಪ್ರೊಪೆಲ್ಲರ್ ಸುತ್ತಿನಿಂದ ಆಚೆ ನಿಲ್ಲಿಸಿ, ಕಣ್ಣಿಗೆ ಕನ್ನಡಕ ಹಾಕಿಸಿ, ಐದು ನಿಮಿಷ ಫುಲ್ ಥ್ರಾಟಲ್. ಕೈಗೆ ಹೊಲಿಗೆ ಹಾಕಿಸಿಕೊಂಡಿದ್ದ ಹುಡುಗನೂ ಬಂದಿದ್ದ. ಬರುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಆ ಬಿರುಕು ಮುಂಚೆಯೇ ಗೊತ್ತಿತ್ತು ಅನ್ನುವ ವಿಷಯ ಅವನಿಗೆ ಅವತ್ತು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೇಳ್ಬೇಕಿತ್ತು ಅಣ್ಣ’ ಅಂದ. ಅಷ್ಟೇ. ಅದಕ್ಕಿಂತ ಜೋರಾಗಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಲ್ಲಿಂದ ಇಲ್ಲಿಯವರೆಗೆ ಆ ವಿಮಾನ 31 ಸಲ ಹಾರಿದೆ. ಪ್ರತಿ ಸಲ ಇಳಿದ ಮೇಲೆ ಟ್ಯಾಂಕ್ ಖಾಲಿ ಮಾಡುತ್ತೇವೆ, ಸೋಪಿನ ನೀರಲ್ಲಿ ಮೈ ಒರೆಸುತ್ತೇವೆ, ಹಳೆ ಹರಳೆಣ್ಣೆ ಒಣಗಿ ಗೋಂದಿನಂತೆ ಅಂಟಿಕೊಳ್ಳುವ ಮೊದಲೇ. ತಿಂಗಳಿಗೊಮ್ಮೆ ಟ್ಯಾಂಕ್ ತೆಗೆದು ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡುತ್ತೇವೆ. ಒಂದು ಸಲ ಪೈಪ್ ಸಡಿಲವಾಗಿ ಗೂಡಿನ ತುಂಬ ಇಂಧನ ನಿಂತಿತ್ತು. ಬಟ್ಟೆಯಲ್ಲಿ ಒರೆಸಿದೆವು, ಕೆಳಗೆ ಮರ ಬಿಳಿ ಬಿಳಿಯಾಗಿ ಹಾಗೇ ಇತ್ತು.

ಈ ಸೆಮಿಸ್ಟರ್‌ನಲ್ಲಿ ಹೊಸ ವಿಮಾನ ಶುರುವಾಗಿದೆ. ಬಾಡಿ ಕೆಲಸ ಈಗ ಆ ಹೊಲಿಗೆಯ ಹುಡುಗನದು. ಮೊನ್ನೆ ವರ್ಕ್‌ಶಾಪ್‌ಗೆ ಹೋದಾಗ ಮೊದಲ ವರ್ಷದವನೊಬ್ಬ ಟ್ಯಾಂಕ್ ಗೂಡಿನೊಳಗೆ ಬ್ರಷ್ ಹಾಕಿಕೊಂಡು ಗೊಣಗುತ್ತಿದ್ದ: ‘ಒಳಗಡೆ ಯಾರ್ ನೋಡ್ತಾರೆ ಅಣ್ಣ?’ ಅವನು ಉತ್ತರ ಕೊಡಲಿಲ್ಲ. ಎಡಗೈಯ ಮೇಲಿನ ಗುರುತನ್ನೂ ತೋರಿಸಲಿಲ್ಲ. ‘ಮೂಲೇಲಿ ಬಿಟ್ಟಿದೀಯ ನೋಡು’ ಅಂದು ಟಾರ್ಚ್ ಹಿಡಿದ.

ಹಾರಾಟದ ವಿಡಿಯೋ ಊರಿಗೆ ಕಳಿಸಿದ್ದೆ. ಕೆಂಪು-ಬಿಳಿ ವಿಮಾನ ಮೈದಾನದ ಮೇಲೆ ದೊಡ್ಡ ಸುತ್ತು ಹಾಕಿ ತಣ್ಣಗೆ ಇಳಿಯುವ ವಿಡಿಯೋ. ಮುತ್ಯಾ ನಾಲ್ಕು ಸಲ ನೋಡಿದನಂತೆ. ಸಂಜೆ ಫೋನ್ ಮಾಡಿದ. ಹಾರಿದ್ದರ ಬಗ್ಗೆ ಒಂದು ಮಾತೂ ಇಲ್ಲ.

‘ಒಳಗ ಒಣಗಿ ಅದೇನೋ?’

‘ಒಣಗೇ ಅದ ಮುತ್ಯಾ.’

‘ಹಾಂ. ಹಂಗಾದ್ರ ಚಲೋ’ ಅಂದು ಫೋನ್ ಇಟ್ಟ.